ಮೊದಲು ಛತ್ತು, ಬಣ್ಣ ಕೊನೆಗೆ
ವಾಡಿ, ಶಹಾಬಾದ್, ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳೆಯ ಕಟ್ಟಡಗಳಲ್ಲಿ ಬಾಡಿಗೆಗಿರುವವರು ಒಟ್ಟಾಗಿ ರಿಪೇರಿಗೆ ಇಳಿದರೆ, ಆ ಕಟ್ಟಡ ಇನ್ನೊಂದು ತಲೆಮಾರಿಗೆ ಬಾಳುತ್ತದೆ. ಹೇಗೆ?

1. ಸೋರುವ ಜಾಗ ಹುಡುಕಿ. ಮನೆಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿ: "ಮಳಿ ಬಂದ್ರ ಬೋಗಾಣಿ ಎಲ್ಲಿ ಇಡ್ತೀರಿ ಅಕ್ಕಾ?" ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಆಮೇಲೆ ಛತ್ತಿನ ಮೇಲೆ ಒಂದೊಂದೇ ಕೊಡ ನೀರು ಸುರಿದು, ಕೆಳಗೆ ಒಬ್ಬರನ್ನು ನಿಲ್ಲಿಸಿ. ಹಾಸುಗಲ್ಲಿನ ಛತ್ತಾದರೆ ನೀರು ಹೆಚ್ಚಾಗಿ ಇಳಿಯುವುದು ಕಲ್ಲಿನಿಂದಲ್ಲ, ಸಂದಿನಿಂದ. 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಕಲ್ಲು ಹಗಲು ಹಿಗ್ಗಿ ರಾತ್ರಿ ಕುಗ್ಗುತ್ತದೆ. ಬಿರುಸು ಸಿಮೆಂಟು ಅಲ್ಲಿ ಬಿರುಕು ಬಿಡುತ್ತದೆ, ಸುಣ್ಣದ ಗಾರೆ ತುಸು ಬಾಗಿಕೊಡುತ್ತದೆ. ಗಾರೆ ಬಲ್ಲ ಹಿರಿಯ ಗೌಂಡಿಯನ್ನೇ ಕರೆಯಿರಿ.

2. ಯುಗಾದಿಗೆ ಸಭೆ, ಬಸವ ಜಯಂತಿಗೆ ಕೆಲಸ. ಮೃಗಶಿರ ಮಳೆಗೆ ಮುನ್ನ ಗಾರೆ ಒದ್ದೆ ಗೋಣಿಚೀಲದಡಿ ನಿಧಾನ ಗಟ್ಟಿಯಾಗಬೇಕು.

3. ಮಾಲೀಕರ ಸಹಿ ಇಲ್ಲದೆ ಇಟ್ಟಿಗೆ ಮುಟ್ಟಬೇಡಿ. ಖರ್ಚು ಯಾರದು, ಬಾಡಿಗೆಯಲ್ಲಿ ಎಷ್ಟು ಕಡಿತ, ಎಷ್ಟು ವರ್ಷ ಬಾಡಿಗೆ ಏರಿಸುವಂತಿಲ್ಲ, ಎಲ್ಲವೂ ಛಾಪಾ ಕಾಗದದ ಮೇಲಿರಲಿ.

4. ಸಂಘ ಕಟ್ಟಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ 7 ಮಂದಿ ಸಾಕು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ.

5. ಲೆಕ್ಕವನ್ನು ಮೆಟ್ಟಿಲ ಬಳಿ ಗೋಡೆಗೆ ಅಂಟಿಸಿ, ಪ್ರತಿ ತಿಂಗಳು. ಛತ್ತು ನಮ್ಮದಲ್ಲ ಎಂದು ಕೆಳಮನೆಯವರು, ಅಂಗಳದ ಚರಂಡಿ ನಮ್ಮದಲ್ಲ ಎಂದು ಮೇಲ್ಮನೆಯವರು ಹೇಳಿಯೇ ಹೇಳುತ್ತಾರೆ. ಜಗಳ ಶುರುವಾಗುವುದೇ ಇಲ್ಲಿ. ಎರಡಕ್ಕೂ ಎಲ್ಲರ ಪಾಲು ಎಂದು ಮೊದಲ ಸಭೆಯಲ್ಲೇ ಬರೆದುಕೊಳ್ಳಿ. ಹಣವಿಲ್ಲದವರು ಕೈಗೆಲಸ ಕೊಡಲಿ. ಗೌಂಡಿ ಜೊತೆಗಿನ ಒಂದು ದಿನದ ದುಡಿಮೆಗೂ ಕೂಲಿ ಕಟ್ಟಿ ವಂತಿಗೆಯಲ್ಲಿ ಜಮಾ ಮಾಡಿ.

6. ಗೋಡೆ ಬಿರುಕಿಗೆ ಅವಸರ ಬೇಡ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುತ್ತದೆ, ಅಡಿಪಾಯ ಅದರೊಟ್ಟಿಗೆ ಅಲುಗುತ್ತದೆ. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ, ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ, ಎಂಜಿನಿಯರನ್ನು ಕರೆಸಿ. ಚರಂಡಿ ನೀರು ಬುನಾದಿಯಿಂದ ದೂರ ಹರಿಯಲಿ.

7. ಮೆಟ್ಟಿಲಿಗೆ ಆಸಿಡ್ ಸುರಿಯಬೇಡಿ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಆಸಿಡ್ ಅದನ್ನು ತಿನ್ನುತ್ತದೆ. ಹೊಸ ಫರ್ಸಿ ತರುವಾಗ ನಾಲ್ಕಾರು ಹೆಚ್ಚಿಗೆ ತಂದು ಮೆಟ್ಟಿಲಡಿ ಇಡಿ. ಮುಂದೆ ಒಂದು ಒಡೆದಾಗ ಅದೇ ಬಣ್ಣದ ಕಲ್ಲು ಕೈಗೆ ಸಿಗುತ್ತದೆ.