ಹಿಮಸಾಗರದಲ್ಲಿ ಸಿಕ್ಕಿಬಿದ್ದವರ ಶೋಧ

ಉತ್ತರಧ್ರುವದ ಸುತ್ತಲಿನ ಹೆಪ್ಪುಗಟ್ಟಿದ ಸಮುದ್ರದಲ್ಲಿ ಹಡಗೋ ವಿಮಾನವೋ ಅಪಘಾತಕ್ಕೀಡಾದರೆ, ಅದರಲ್ಲಿದ್ದವರನ್ನು ಹುಡುಕಿ ತರುವುದು ಹೇಗೆ? ಎದೆಗಾರರಾದ ನಾಲ್ವರು ವಿಮಾನವೇರಿ ಹೊರಟರೆ ಸಾಲದೇ ಎಂದು ನಮ್ಮ ತರುಣ ವಾಚಕರು ಕೇಳಬಹುದು. ಸಾಲದೆಂಬುದಕ್ಕೆ 1928ರ ‘ಇಟಾಲಿಯ’ ವಾಯುನೌಕೆಯ ವೃತ್ತಾಂತಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಉಂಬೆರ್ಟೊ ನೊಬಿಲೆಯ ನಾಯಕತ್ವದಲ್ಲಿ ಹದಿನಾರು ಮಂದಿಯನ್ನು ಹೊತ್ತ ಈ ನೌಕೆಯು ಸ್ವಾಲ್ಬಾರ್ಡ್ ದ್ವೀಪಸಮೂಹದ ಕಿಂಗ್ಸ್ ಬೇ ಎಂಬಲ್ಲಿಂದ ಹೊರಟು, ಮೇ 24ರಂದು ಧ್ರುವವನ್ನು ತಲುಪಿತು. ಹಿಂದಿರುಗುವಾಗ 25ರಂದು ಹಿಮದ ಮೇಲೆ ಅಪ್ಪಳಿಸಿತು. ಹತ್ತು ಮಂದಿ ಹಿಮದ ಮೇಲೆ ಬಿದ್ದರು; ಅವರಲ್ಲಿ ಒಬ್ಬನು ಅಲ್ಲಿಯೇ ಮೃತನಾದನು. ಭಾರ ಕಡಮೆಯಾದ ಅನಿಲಕೋಶವು ಉಳಿದ ಆರು ಮಂದಿಯನ್ನು ಎತ್ತಿಕೊಂಡು ತೇಲಿಹೋಯಿತು. ಅವರ ಸುಳಿವು ಇಂದಿಗೂ ದೊರೆತಿಲ್ಲ. ಬದುಕಿದ ಒಂಬತ್ತು ಮಂದಿಯ ಬಳಿ ಇದ್ದದ್ದು ಒಂದಿಷ್ಟು ಆಹಾರ, ಒಂದು ಡೇರೆ ಮತ್ತು ಒಂದು ಚಿಕ್ಕ ಹ್ರಸ್ವತರಂಗ ನಿಸ್ತಂತು ಯಂತ್ರ. ಮೇಲಿನಿಂದ ನೋಡುವವರ ಕಣ್ಣಿಗೆ ಬೀಳಲೆಂದು ಅವರು ಡೇರೆಗೆ ಕೆಂಪು ಬಣ್ಣ ಬಳಿದರು.

ಇಲ್ಲಿ ಒಂದು ಲೆಕ್ಕವನ್ನು ಮಾಡಿನೋಡೋಣ. ಸಮುದ್ರದ ಮೇಲಿನ ಹಿಮದ ಹಾಸು ಗಾಳಿಗೂ ಪ್ರವಾಹಕ್ಕೂ ಸಿಕ್ಕಿ ಸದಾ ಚಲಿಸುತ್ತಿರುತ್ತದೆ. ಅದು ದಿನಕ್ಕೆ 10 ಕಿಲೋಮೀಟರು, ಯಾವ ದಿಕ್ಕಿಗೆಂದು ತಿಳಿಯದಂತೆ, ಸಾಗುವುದೆಂದು ಭಾವಿಸೋಣ. ಅಪಘಾತದ ಸ್ಥಳವು ನಮಗೆ ಖಚಿತವಾಗಿ ತಿಳಿದಿದ್ದರೂ, ಒಂದು ದಿನ ಕಳೆದ ಮೇಲೆ ನಾವು ಹುಡುಕಬೇಕಾದದ್ದು 10 ಕಿ.ಮೀ. ತ್ರಿಜ್ಯದ ವೃತ್ತವನ್ನು, ಅಂದರೆ 314 ಚದರ ಕಿಲೋಮೀಟರುಗಳನ್ನು. ಒಂಬತ್ತು ದಿನಗಳ ಮೇಲೆ ತ್ರಿಜ್ಯವು 90 ಕಿ.ಮೀ. ಆಗುತ್ತದೆ, ವಿಸ್ತೀರ್ಣವಾದರೋ 25,000 ಚದರ ಕಿಲೋಮೀಟರಿಗೂ ಮಿಕ್ಕುತ್ತದೆ. ಕಾಲವು ಒಂಬತ್ತರಷ್ಟು ಹೆಚ್ಚಿದರೆ ಕ್ಷೇತ್ರವು ಎಂಬತ್ತೊಂದರಷ್ಟು ಹೆಚ್ಚುತ್ತದೆ. ಶೋಧದ ಯೋಜನೆಯಲ್ಲಿ ಮೊದಲ ಗಂಟೆಗಳಿಗೆ ಅಷ್ಟೊಂದು ಬೆಲೆ ಏಕೆಂಬುದು ಇದರಿಂದ ವಿದಿತವಾಗುತ್ತದೆ.

ಒಂಬತ್ತು ದಿನಗಳೆಂದು ನಾವು ಸುಮ್ಮನೆ ಹೇಳಲಿಲ್ಲ. ಕೆಂಪು ಡೇರೆಯ ನಿಸ್ತಂತು ಚಾಲಕ ಬಿಯಾಜಿಯು ದಿನವೂ ಕರೆ ಕಳುಹುತ್ತಿದ್ದರೂ, ಕಿಂಗ್ಸ್ ಬೇಯಲ್ಲಿದ್ದ ಅವರದೇ ಸಹಾಯಕ ಹಡಗಿಗೆ ಅದು ಕೇಳಿಸಲಿಲ್ಲ. ಕೊನೆಗೆ ಜೂನ್ 3ರಂದು ಅದನ್ನು ಕೇಳಿದವನು ಎರಡು ಸಾವಿರ ಕಿಲೋಮೀಟರಿಗೂ ಆಚೆ, ರಷ್ಯದ ಹಳ್ಳಿಯೊಂದರಲ್ಲಿದ್ದ ನಿಕೊಲಾಯ್ ಶ್ಮಿಟ್ ಎಂಬ ಹವ್ಯಾಸಿ! ಹತ್ತಿರದವರಿಗೆ ಕೇಳದ್ದು ದೂರದವನಿಗೆ ಕೇಳಿದ್ದು ಹೇಗೆ? ಹ್ರಸ್ವತರಂಗಗಳು ವಾಯುಮಂಡಲದ ಮೇಲ್ಭಾಗದ ವಿದ್ಯುದಾವಿಷ್ಟ ಸ್ತರಕ್ಕೆ ತಾಗಿ ಮರಳಿ ನೆಲಕ್ಕೆ ಬರುತ್ತವೆ. ನೆಲವನ್ನಂಟಿ ಸಾಗುವ ತರಂಗವು ಬೇಗ ಕ್ಷೀಣಿಸುತ್ತದೆ. ಮೇಲೆ ಹೋದದ್ದು ಬಹುದೂರದಲ್ಲಿ ಇಳಿಯುತ್ತದೆ. ಇವೆರಡರ ನಡುವಿನ ಪ್ರದೇಶದಲ್ಲಿ ಮೌನ. ಆ ಹಡಗು ಇಂಥ ಮೌನವಲಯದಲ್ಲಿದ್ದಿರಬೇಕು. ಆದರೆ ಅದರ ಯಂತ್ರವು ಬಹಳ ಹೊತ್ತು ಬೇರೆ ಸಂದೇಶಗಳನ್ನು ಕಳುಹುವುದರಲ್ಲಿ ತೊಡಗಿದ್ದುದೂ ನಿಜ. ಆಪತ್ತಿನ ಕರೆಗೆ ಕಿವಿಗೊಡುವುದನ್ನೇ ಏಕೈಕ ಕೆಲಸವಾಗಿ ಯಾರಿಗೂ ವಹಿಸದಿದ್ದುದು ಯೋಜನೆಯ ದೋಷವೆಂದೇ ನಮ್ಮ ಅಭಿಪ್ರಾಯ.

ಮುಂದೆ ನಡೆದುದು ಇನ್ನೂ ದುಃಖಕರ. ಹಲವು ರಾಷ್ಟ್ರಗಳು ಹಡಗು ವಿಮಾನಗಳನ್ನು ಕಳುಹಿದವು. ಎಲ್ಲವನ್ನೂ ಒಬ್ಬರ ಆಜ್ಞೆಗೆ ಒಳಪಡಿಸುವ ಏರ್ಪಾಡು ಇರಲಿಲ್ಲ. ದಕ್ಷಿಣಧ್ರುವವನ್ನು ಮೊದಲು ಮುಟ್ಟಿದ ಅಮುಂಡ್ಸೆನ್ ಜೂನ್ 18ರಂದು ಐವರು ಸಂಗಡಿಗರೊಡನೆ ಟ್ರೊಮ್ಸೊದಿಂದ ಹಾರಿದನು, ಮರಳಲಿಲ್ಲ. ಅವನ ವಿಮಾನದ ಒಂದು ತೇಲುಕೊಳವೆ ಬಳಿಕ ಸಮುದ್ರದಲ್ಲಿ ಸಿಕ್ಕಿತು. ಸ್ವೀಡನ್ನಿನ ಲುಂಡ್‌ಬೋರ್ಗ್ ಹಿಮದ ಮೇಲೆ ವಿಮಾನವಿಳಿಸಿ ನೊಬಿಲೆಯನ್ನು ಕರೆತಂದನು. ಎರಡನೆಯ ಸಲ ಇಳಿಯುವಾಗ ವಿಮಾನ ಮಗುಚಿ, ರಕ್ಷಿಸಲು ಹೋದವನೇ ರಕ್ಷಣೆಗಾಗಿ ಕಾಯಬೇಕಾಯಿತು. ಡೇರೆಯಲ್ಲಿ ಉಳಿದಿದ್ದ ಐವರನ್ನೂ, ಕಾಲುನಡಗೆಯಲ್ಲಿ ಹೊರಟಿದ್ದ ಮೂವರಲ್ಲಿ ಬದುಕಿದ್ದ ಇಬ್ಬರನ್ನೂ ಸೋವಿಯತ್ ದೇಶದ ‘ಕ್ರಾಸಿನ್’ ಎಂಬ ಹಿಮಭಂಜಕ ಹಡಗು ಜುಲೈ 12ರಂದು ಮೇಲೆತ್ತಿತು. ಹದಿನಾರರಲ್ಲಿ ಉಳಿದವರು ಎಂಟು ಮಂದಿ.

ಇಂದು ಸ್ಥಿತಿ ಬಹುಮಟ್ಟಿಗೆ ಬೇರೆ. 1982ರಿಂದ ಉಪಗ್ರಹಗಳು ಆಪತ್ಸೂಚಕ ಯಂತ್ರಗಳ ಕರೆಯನ್ನು ಆಕಾಶದಿಂದಲೇ ಆಲಿಸುತ್ತಿವೆ. ಈ ಜಾಲದ ಭಾರತೀಯ ನಿಯಂತ್ರಣ ಕೇಂದ್ರವು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಆದರೆ ಇಲ್ಲಿಯೂ ಧ್ರುವಪ್ರದೇಶಕ್ಕೆ ಒಂದು ತೊಡಕು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ನಿಂತಂತೆ ತೋರುವ ಉಪಗ್ರಹಗಳಿಗೆ, ಭೂಮಿಯು ಗುಂಡಗಿರುವುದರಿಂದ, ಸುಮಾರು 81 ಡಿಗ್ರಿ ಅಕ್ಷಾಂಶದಾಚೆ ಏನೂ ಕಾಣದು. ಕೆಂಪು ಡೇರೆ ಇದ್ದುದು ಹೆಚ್ಚುಕಡಮೆ ಈ ಅಂಚಿನಲ್ಲಿಯೇ. ಆದುದರಿಂದ ಧ್ರುವಗಳ ಮೇಲೆ ಹಾದುಹೋಗುವ ಉಪಗ್ರಹಗಳೂ ಬೇಕಾಗುತ್ತವೆ. ಇನ್ನು ಆಜ್ಞೆಯ ಗೊಂದಲಕ್ಕೆ ಪರಿಹಾರವಾಗಿ, ಉತ್ತರಧ್ರುವ ವಲಯದ ಎಂಟು ರಾಷ್ಟ್ರಗಳು 2011ರಲ್ಲಿ ಗ್ರೀನ್‌ಲೆಂಡಿನ ನೂಕ್ ನಗರದಲ್ಲಿ ಒಪ್ಪಂದ ಮಾಡಿಕೊಂಡು, ಯಾವ ಭಾಗದ ಹೊಣೆ ಯಾರದೆಂದು ಗೆರೆ ಎಳೆದು ನಿಶ್ಚಯಿಸಿದವು.

ಸ್ಥಳ ತಿಳಿದರೂ ದೂರ ಕಿರಿದಾಗುವುದಿಲ್ಲವಷ್ಟೆ! ಹೆಲಿಕಾಪ್ಟರು ಹೋಗಿಬರಲು ಇಂಧನ ಬೇಕು, ತಂಗಲು ನೆಲೆ ಬೇಕು, ಮಂಜು ಸರಿಯಬೇಕು. ಇದನ್ನರಿತೇ 2017ರಲ್ಲಿ ಜಾರಿಗೆ ಬಂದ ಧ್ರುವಸಂಚಾರದ ಅಂತರರಾಷ್ಟ್ರೀಯ ನಿಯಮಾವಳಿಯು, ನೆರವು ಬರುವವರೆಗೆ ಕನಿಷ್ಠ ಐದು ದಿನ ಜೀವ ಹಿಡಿದಿರುವಷ್ಟು ಸಾಧನಗಳು ಹಡಗಿನಲ್ಲಿರಬೇಕೆಂದು ವಿಧಿಸಿದೆ. ಐದು ದಿನವೆಂದರೆ ಎಷ್ಟೆಂಬುದನ್ನು ಪರೀಕ್ಷಿಸಲು 2016ರಲ್ಲಿ ನಾರ್ವೆಯವರು ಸ್ವಾಲ್ಬಾರ್ಡಿನ ಉತ್ತರದ ಹಿಮಜಲದಲ್ಲಿ ಆರೋಗ್ಯವಂತರಾದ ಸ್ವಯಂಸೇವಕರನ್ನು ರಕ್ಷಣಾ ದೋಣಿಯಲ್ಲಿಯೂ ಗಾಳಿ ತುಂಬಿದ ತೆಪ್ಪದಲ್ಲಿಯೂ ಕೂರಿಸಿ ನೋಡಿದರು. ಆ ಸಾಧನಗಳಿಂದ ಬಹುಮಂದಿ ಐದು ದಿನ ಬದುಕಲಾರರೆಂದು ಕಂಡುಬಂದಿತು. ತೆಪ್ಪದ ತೆಳುವಾದ ತಳದ ಮೂಲಕ ಸಮುದ್ರವು ಕುಳಿತವರ ಮೈಯ ಶಾಖವನ್ನು ಸದ್ದಿಲ್ಲದೆ ಹೀರಿಕೊಳ್ಳುತ್ತಿತ್ತು.