ಜಾಡಿಯ ತಳ ಓದೋದು ಹೇಗೆ?

ಪಿಂಗಾಣಿ ಸಾಮಾನು ಸಂಗ್ರಹಿಸೋರು ಯಾವ ದೇಶದಲ್ಲಾದರೂ ಮೊದಲು ಮಾಡೋದು ಒಂದೇ ಕೆಲಸ. ಪಾತ್ರೆಯನ್ನ ತಲೆಕೆಳಗು ಮಾಡಿ ತಳ ನೋಡ್ತಾರೆ. ಸ್ವೀಡನ್ನಿನ ಗುಸ್ತಾವ್ಸ್‌ಬರ್ಗ್ ಕಾರ್ಖಾನೆಯದಾದರೆ ಅಲ್ಲಿ ಲಂಗರಿನ ಗುರುತು ಇರುತ್ತೆ, ರೋರ್‌ಸ್ಟ್ರಾಂಡ್ ಆದರೆ ಮೂರು ಕಿರೀಟ. 1873ರಲ್ಲಿ ಹೆಲ್ಸಿಂಕಿಯಲ್ಲಿ ಶುರುವಾದ ಅರೇಬಿಯಾ ಕಾರ್ಖಾನೆಯ ಮುದ್ರೆ ಕಾಲಕಾಲಕ್ಕೆ ಬದಲಾಗಿದೆ, ಹಾಗಾಗಿ ಮುದ್ರೆ ನೋಡಿಯೇ ವಯಸ್ಸು ಹೇಳ್ತಾರೆ. ಕಾಯ್ ಫ್ರಾಂಕ್ 1953ರಲ್ಲಿ ತಂದ ‘ಕಿಲ್ಟಾ’ ಪಾತ್ರೆಗಳು, ಸ್ಟಿಗ್ ಲಿಂಡ್‌ಬರ್ಗ್ ಹಸಿರು ಎಲೆ ಬಿಡಿಸಿದ ‘ಬೆರ್ಸೊ’ ತಟ್ಟೆಗಳು, ಇವೆಲ್ಲ ಅಲ್ಲಿನ ದಿನಬಳಕೆಯ ಸಾಮಾನೇ. ಈಗ ಅವನ್ನ ಹುಡುಕಿ ಹುಡುಕಿ ಕೊಳ್ತಾರೆ. ನಮ್ಮ ಪಕ್ಕದಲ್ಲೇ, ಕಾರೈಕುಡಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ, ಚೆಟ್ಟಿಯಾರ್ ಮನೆಗಳಿಂದ ಬಂದ ಸ್ವೀಡನ್ನಿನ ಎನಾಮಲ್ ಡಬ್ಬಿಗಳು ಇವತ್ತಿಗೂ ಸಿಗುತ್ತವೆ. ಎನಾಮಲ್ ಅಂದ್ರೆ ಉಕ್ಕಿನ ಮೇಲೆ ಕರಗಿಸಿ ಕೂರಿಸಿದ ಗಾಜು. ಪಿಂಗಾಣಿಗೆ ಅದು ದಾಯಾದಿ.

ನಮ್ಮ ಕಡೆ ಇದಕ್ಕೆ ಸಮ ಏನು? ಉಪ್ಪಿನಕಾಯಿ ಜಾಡಿ. ಮೇಲೆ ಕಂದು, ಕೆಳಗೆ ಬಿಳಿ. ಹಳೇ ಮೈಸೂರು ಕಡೆಯವರು ಭರಣಿ ಅಂತಾರೆ.

ಹೇಮಗುಡ್ಡ ಅಂದ್ರೆ ಗಂಗಾವತಿ ಕಡೆಯವರಿಗೆ ಕೋಟೆ, ದುರ್ಗಾದೇವಿ ಗುಡಿ, ದಸರಾ ನೆನಪಾಗೋದು. ನಾವು ಕ್ಲಬ್ಬಿನ ನಾಲ್ಕು ಜನ ಹೋಗಿದ್ದು ನಮ್ಮ ಕ್ಲಾಸ್‌ಮೇಟ್ ಒಬ್ಬನ ಅಜ್ಜಿ ಮನೆಯ ಅಡುಗೆಕೋಣೆ ನೋಡೋಕೆ. ಅಲ್ಲಿ ಐದು ಜಾಡಿ ಇದ್ದವಂತೆ. ಹಳೇ ಸಾಮಾನಿನವನೊಬ್ಬ ಒಂದು ಪ್ಲಾಸ್ಟಿಕ್ ಬಕೆಟ್ ಕೊಟ್ಟು ಎರಡು ಒಯ್ದಿದ್ದ, ಉಳಿದ ಮೂರಕ್ಕೆ ಮತ್ತೆ ಬರ್ತೀನಿ ಅಂದಿದ್ದ. ಅಜ್ಜಿ ನಮ್ಮನ್ನ ಕೇಳಿದ್ದು ಇಷ್ಟೇ: “ತಮ್ಮಾ, ಓದಾಕತ್ತವ್ರು ನೀವು. ಇವು ಕೊಡ್ಲೋ, ಇಟ್ಕೊಳ್ಲೋ? ಇದರಾಗ ಹಾಕಿದ್ದು ತಿಂದ್ರ ಏನೂ ಆಗಂಗಿಲ್ಲಲ್ಲ?” ಇದಕ್ಕೆ ಉತ್ತರ ಕೊಡ್ಬೇಕಂದ್ರೆ ಜಾಡಿ ಯಾವುದರಿಂದ ಆಗಿದೆ, ಎಷ್ಟು ಹಳೇದು, ಈಗ ಬಳಸಬಹುದಾ ಅನ್ನೋದು ತಿಳೀಬೇಕು. ಅದನ್ನೇ ಇಲ್ಲಿ ಪಾಠದ ಥರ ಬರೀತಿದ್ದೀವಿ.

ಮೊದಲು ಮೈ. ಕುಂಬಾರರ ಮಡಿಕೆ ಸಾವಿರ ಡಿಗ್ರಿಯೊಳಗೇ ಸುಡುತ್ತೆ, ಅದರ ಮಣ್ಣಲ್ಲಿ ಸಣ್ಣ ತೂತುಗಳು ಉಳೀತಾವೆ. ಅದಕ್ಕೇ ನೀರು ತಣ್ಣಗಾಗೋದು, ಅದಕ್ಕೇ ಎಣ್ಣೆ ಜಿನುಗೋದು. ಜಾಡಿ ಹಾಗಲ್ಲ, ಅದು ಸ್ಟೋನ್‌ವೇರ್. ಸುಮಾರು 1200 ಡಿಗ್ರಿ ಸೆಲ್ಸಿಯಸ್ ಮೇಲೆ ಮಣ್ಣಿನ ಒಂದು ಭಾಗ ಕರಗಿ, ಗಾಜಾಗಿ, ತೂತುಗಳನ್ನ ಮುಚ್ಚಿಬಿಡುತ್ತೆ. ಕರೆಂಟ್ ಕಂಬದ ಮೇಲಿನ ಇನ್ಸುಲೇಟರ್ ಕೂಡ ಇದೇ ತತ್ವದ್ದು: ನೀರು ಒಳಗೆ ಹೋಗದಿದ್ದರೆ ಕರೆಂಟೂ ಹರಿಯಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಪಿಂಗಾಣಿ ಕಾರ್ಖಾನೆ ಮುಂದೆ ಮೈಸೂರು ಪೋರ್ಸಲಿನ್ಸ್ ಆಗಿ, 1976ರಲ್ಲಿ ಬಿಎಚ್‌ಇಎಲ್ ಕೈಗೆ ಬಂದು ಇನ್ಸುಲೇಟರ್‌ಗೆ ಹೆಸರಾಯ್ತು. ನಮ್ಮಲ್ಲಿನ ಎಲೆಕ್ಟ್ರಿಕಲ್‌ನವರು ಇನ್ಮೇಲೆ ಉಪ್ಪಿನಕಾಯಿಯನ್ನ ಸ್ವಲ್ಪ ಗೌರವದಿಂದ ನೋಡ್ಬೇಕು.

ಪರೀಕ್ಷೆ ಸುಲಭ. ತಳದ ಅಂಚಿಗೆ ಗ್ಲೇಜ್ ಇರಲ್ಲ, ಅಲ್ಲಿ ಒಂದು ಹನಿ ನೀರು ಹಾಕಿ. ಹೀರಿಕೊಂಡ್ರೆ ಬರೀ ಮಣ್ಣು, ಹಾಗೇ ನಿಂತ್ರೆ ಸ್ಟೋನ್‌ವೇರ್. ಆಮೇಲೆ ಬೆರಳ ಗೆಣ್ಣಿಂದ ಬಡೀರಿ. ಸಂತೇಲಿ ಗಡಿಗೆ ಕೊಳ್ಳೋರು ಬಡಿದು ನೋಡ್ತಾರಲ್ಲ, ಹಂಗೆ. ಠಣ್ ಅಂದ್ರೆ ಗಟ್ಟಿ, ಡಬ್ ಅಂದ್ರೆ ಎಲ್ಲೋ ಬಿರುಕು.

ಗ್ಲೇಜಿನ ಕಥೆ ನಮಗೆ ಎಲ್ಲಕ್ಕಿಂತ ಇಷ್ಟವಾಯ್ತು. ಹಳೇ ಕಂದು ಜಾಡಿಗಳಲ್ಲಿ ಕೆಲವು ಉಪ್ಪಿನ ಗ್ಲೇಜಿನವು. ಭಟ್ಟಿ ಪೂರ್ತಿ ಕಾದಾಗ ಒಳಗೆ ಉಪ್ಪು ಎಸೀತಾರೆ. ಉಪ್ಪು ಆವಿಯಾಗಿ, ಅದರ ಸೋಡಿಯಂ ಮಣ್ಣಿನ ಸಿಲಿಕಾ, ಅಲ್ಯುಮಿನಾ ಜೊತೆ ಸೇರಿ ಮೈಮೇಲೆ ಗಾಜಿನ ಪದರ ಆಗುತ್ತೆ. ಹೊಗೆಕೊಳವೆಯಿಂದ ಹೈಡ್ರೋಕ್ಲೋರಿಕ್ ಆಸಿಡ್ ಆವಿ ಹೊರಗೆ ಬರುತ್ತೆ. ಮೇಲ್ಮೈ ಕಿತ್ತಳೆ ಸಿಪ್ಪೆ ಥರ ಸಣ್ಣ ಗುಳಿ ಗುಳಿ. ಅಂದ್ರೆ ಉಪ್ಪು ಹಾಕಿಡೋ ಜಾಡಿಗೆ ಉಪ್ಪೇ ಕವಚ! ಕಂದು-ಬಿಳಿ ಜಾಡಿಯದು ಬೇರೆ ದಾರಿ. ಕೆಳಗಿನದು ಬ್ರಿಸ್ಟಲ್ ಗ್ಲೇಜ್ ಜಾತಿಯ ಬಿಳಿ. ಸತುವಿನ ಆಕ್ಸೈಡ್ ಮತ್ತು ಫೆಲ್ಡ್‌ಸ್ಪಾರ್ ಹಾಕಿ 1830ರ ದಶಕದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ರೂಢಿಗೆ ಬಂದದ್ದು. ಮೇಲಿನ ಕಂದು ಕಬ್ಬಿಣದ ಆಕ್ಸೈಡಿನ ಬಣ್ಣ.

ಇನ್ನು ವಯಸ್ಸು. ಸ್ವೀಡನ್ನಿನವರ ಹಾಗೆ ನಮ್ಮ ಜಾಡಿಯ ಕೆಳಗೆ ಕಲಾವಿದನ ಹೆಸರು ಇರಲ್ಲ, ಬಹಳಷ್ಟಕ್ಕೆ ಏನೂ ಇರಲ್ಲ. ಆದರೆ ಇದ್ದಷ್ಟನ್ನ ಓದಬಹುದು. ಅಳತೆ ಗ್ಯಾಲನ್, ಪೌಂಡ್, ಸೇರಿನಲ್ಲಿದ್ದರೆ ಹೆಚ್ಚಾಗಿ ಅರವತ್ತರ ದಶಕಕ್ಕಿಂತ ಹಿಂದಿನದು, ಯಾಕಂದ್ರೆ ಮೆಟ್ರಿಕ್ ಕಾನೂನು 1956ರದ್ದು. ಅಂಗಡಿ ಚೀಟಿ ಅಂಟಿದ್ದು, ಅದರಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಮೈಸೂರು ಸ್ಟೇಟ್’ ಅಂತಿದ್ದರೆ 1973ರ ನವೆಂಬರ್‌ಗಿಂತ ಮುಂಚಿನದು. ವಿದೇಶಿ ಪಾತ್ರೆಯ ಮೇಲೆ ದೇಶದ ಹೆಸರು ಇಂಗ್ಲಿಷಿನಲ್ಲಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ಅಮೆರಿಕ ಆಗ ಆಮದಿಗೆ ಆ ನಿಯಮ ತಂತು. ಇವೆಲ್ಲ ಅಂದಾಜು ಮಾತ್ರ, ಹಳೇ ಅಚ್ಚನ್ನ ಆಮೇಲೂ ಬಳಸಿರಬಹುದು.

ಮನೆಯವರ ನೆನಪೂ ಒಂದು ಸಾಕ್ಷಿ. ದೊಡ್ಡ ಜಾಡಿ ತಮ್ಮ ಅತ್ತೆ ಹೊಸಪೇಟೆಯಿಂದ ತಂದದ್ದು, ಆಗ ‘ನಿಜಾಮರ ರಾಜ್ಯ’ ಇತ್ತು ಅಂತ ಅಜ್ಜಿ ಹೇಳಿದ್ರು. ಗಂಗಾವತಿ ಆಗ ಹೈದರಾಬಾದ್ ಸಂಸ್ಥಾನ, ಹೊಸಪೇಟೆ ಮದ್ರಾಸ್ ಪ್ರಾಂತ. ನಡುವೆ ತುಂಗಭದ್ರೆ. ಸಂಸ್ಥಾನದ ಸುಂಕಕ್ಕೆ ಕರೋಡಗಿರಿ ಅಂತಿದ್ರು. ಜಾಡಿಗೂ ಕಟ್ಟಿದ್ರಾ ಅಂತ ಕೇಳಿದ್ದಕ್ಕೆ ಅಜ್ಜಿ ನಕ್ಕು, “ಸೀರಿ ಗಂಟಿನಾಗ ಇಟ್ಟು ತಂದ್ರಂತ” ಅಂದ್ರು. ಅವರ ಲೆಕ್ಕ ಸರಿಯಾದ್ರೆ ಅದು 1948ಕ್ಕಿಂತ ಹಳೇದು. ತಳದಲ್ಲಿ ಮುದ್ರೆ ಇಲ್ಲ.

ಕೊನೇದು, ತಿನ್ನೋ ಪ್ರಶ್ನೆ. ಹಿತ್ತಾಳೆ, ತಾಮ್ರದಲ್ಲಿ ಹುಳಿ ಇಟ್ರೆ ಕಿಲುಬು ಬರುತ್ತೆ. ಗಾಜಿನ ಬಾಟಲಿಯಲ್ಲಿ ಬೆಳಕು ಬಿದ್ದು ಎಣ್ಣೆ ಕಮಟುತ್ತೆ. ಜಾಡಿಗೆ ಎರಡೂ ತೊಂದರೆ ಇಲ್ಲ. ಭಯ ಇರೋದು ಸೀಸದ್ದು. ಕಡಿಮೆ ಬಿಸಿಗೆ ಕರಗಲಿ ಅಂತ ಕೆಲವು ಗ್ಲೇಜ್‌ಗೆ ಸೀಸ ಹಾಕ್ತಿದ್ರು, ಹುಳಿ ಅದನ್ನ ಎಳೆದುಕೊಳ್ಳುತ್ತೆ. ಹೆಚ್ಚು ಬಿಸಿಯಲ್ಲಿ ಸುಟ್ಟ ಸ್ಟೋನ್‌ವೇರ್‌ಗೆ ಸೀಸದ ಅಗತ್ಯ ಇರಲ್ಲ. ಅನುಮಾನ ಪಡಬೇಕಾದ್ದು ಹೊಳೆಯೋ ಹಳದಿ, ಕೆಂಪು, ಕಿತ್ತಳೆ ಬಣ್ಣದ, ನೀರು ಹೀರೋ ಪಾತ್ರೆಗಳನ್ನ, ಅವು ಎಷ್ಟೇ ದುಬಾರಿ ವಿದೇಶಿಯಾದ್ರೂ. ಖಚಿತ ಬೇಕಂದ್ರೆ ಲ್ಯಾಬಿನಲ್ಲಿ 4% ಅಸಿಟಿಕ್ ಆಸಿಡ್ ತುಂಬಿ, 24 ಗಂಟೆ ಬಿಟ್ಟು, ದ್ರಾವಣದಲ್ಲಿ ಎಷ್ಟು ಸೀಸ ಬಂತು ಅಂತ ಅಳೀತಾರೆ.

ಗ್ಲೇಜಿನ ಮೇಲೆ ಕೂದಲೆಳೆ ಬಲೆ ಕಂಡ್ರೆ ಅದು ಮೈಗಿಂತ ಗ್ಲೇಜ್ ಹೆಚ್ಚು ಕುಗ್ಗಿದ್ದರ ಗುರುತು. ಥರ್ಮಲ್ ಎಕ್ಸ್‌ಪ್ಯಾನ್ಶನ್ ಪಾಠ ನೆನಪಿಸಿಕೊಳ್ಳಿ: ತಣ್ಣಗಾಗುವಾಗ ಗ್ಲೇಜ್ ಎಳೆತಕ್ಕೆ ಸಿಕ್ಕುತ್ತೆ, ಗಾಜಿಗೆ ಎಳೆತ ತಡೆಯೋ ಶಕ್ತಿ ಕಡಿಮೆ. ಒಳಮೈಯಲ್ಲಿ ಇದಿದ್ರೆ ಉಪ್ಪಿನಕಾಯಿ ಬೇಡ. ಉಪ್ಪೂ ಬೇಡ. ತೇವಕ್ಕೆ ಕರಗಿದ ಉಪ್ಪು ಬಿರುಕಿನೊಳಗೆ ಹರಳಾಗಿ ಗ್ಲೇಜನ್ನ ಚಕ್ಕೆ ಚಕ್ಕೆ ಎಬ್ಬಿಸುತ್ತೆ.

ಅಜ್ಜಿಯ ಮೂರರಲ್ಲಿ ಎರಡು ಠಣ್ ಅಂದವು, ಹನಿ ಹೀರಲಿಲ್ಲ, ಒಳಗೆ ಬಲೆಯೂ ಇರಲಿಲ್ಲ. ದೊಡ್ಡದು ಡಬ್ ಅಂತು. ನಿಜಾಮರ ಕಾಲದ್ದೇ ಅದು. ಅದರಲ್ಲೀಗ ಕಡ್ಲಿಬ್ಯಾಳಿ ಇದೆ. ಮೂರನ್ನೂ ಅಜ್ಜಿ ಕೊಡಲಿಲ್ಲ. ನಮ್ಮಲ್ಲೊಬ್ಬ ಚಿಕ್ಕದನ್ನ ಕೊಳ್ಳೋ ಮನಸ್ಸು ಮಾಡಿದ್ದ, ಆದ್ರೆ ಕೊಳ್ಳೋನಿಗೆ ಗೊತ್ತಿರೋದು ಮಾರೋರಿಗೂ ಗೊತ್ತಿರಬೇಕು ಅನ್ನೋದು ನಮ್ಮ ವಾದ. ಹೇಳಿದ್ವಿ, ಅವರು ಇಟ್ಕೊಂಡ್ರು. ಬಕೆಟ್ ಕೊಟ್ಟು ಎರಡು ಒಯ್ದವನು ಇದ್ಯಾವುದನ್ನೂ ಹೇಳಿರಲಿಲ್ಲ.

ಈ ರಜೆಗೆ ಊರಿಗೆ ಹೋದಾಗ ನಿಮ್ಮ ಮನೆ ಜಾಡಿಯನ್ನ ಖಾಲಿ ಇದ್ದಾಗ ಮಾತ್ರ ತಲೆಕೆಳಗು ಮಾಡಿ, ತಳದ ಫೋಟೋ ತೆಗೀರಿ. ಜೊತೆಗೆ ಎತ್ತರ, ಹನಿ ಪರೀಕ್ಷೆಯ ಫಲ, ಯಾರು ಎಲ್ಲಿಂದ ತಂದ್ರು ಅಂತ ಮನೆಯವರು ಹೇಳಿದ್ದನ್ನ ಅವರದೇ ಮಾತಲ್ಲಿ ಬರೆದು ಕ್ಲಬ್ಬಿಗೆ ಕೊಡಿ. ಮುದ್ರೆ ಇರೋವನ್ನ ಮುಂದಿನ ಸಂಚಿಕೆಯಲ್ಲಿ ಸಾಲಾಗಿ ಇಟ್ಟು ಓದೋಣ.