ಒಂದೇ ಗಣಕದಲ್ಲಿ ಎರಡು ಹೊತ್ತು

ಒಂದೇ ಗಣಕಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎಂಬ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ಇಟ್ಟುಕೊಂಡು, ಬೇಕಾದಾಗ ಬೇಕಾದುದನ್ನು ತೆರೆದು ಕೆಲಸ ಮಾಡುವ ವಿದ್ಯಾರ್ಥಿಗಳು ಇಂದು ಅನೇಕರಿದ್ದಾರೆ. ಅವರಲ್ಲಿ ಹಲವರು ಒಂದು ವಿಚಿತ್ರವನ್ನು ಕಂಡಿರುತ್ತಾರೆ. ಲಿನಕ್ಸಿನಲ್ಲಿ ಸರಿಯಾಗಿದ್ದ ಗಡಿಯಾರವು ವಿಂಡೋಸನ್ನು ತೆರೆದೊಡನೆ ಐದೂವರೆ ಗಂಟೆ ಹಿಂದಕ್ಕೆ ಸರಿದಿರುತ್ತದೆ. ಅದನ್ನು ತಿದ್ದಿ ಮತ್ತೆ ಲಿನಕ್ಸಿಗೆ ಬಂದರೆ, ಅಲ್ಲಿ ಐದೂವರೆ ಗಂಟೆ ಮುಂದಕ್ಕೆ ಓಡಿರುತ್ತದೆ. ಯಂತ್ರ ಕೆಟ್ಟಿತೆಂದು ಅದನ್ನು ಅಂಗಡಿಗೆ ಒಯ್ಯುವವರೂ ಉಂಟು. ವಾಸ್ತವವಾಗಿ ಯಂತ್ರದಲ್ಲಿ ಯಾವ ದೋಷವೂ ಇರುವುದಿಲ್ಲ. ಹಾಗಾದರೆ ಈ ಭಿನ್ನತೆಗೆ ಕಾರಣವೇನು? ಅದನ್ನು ಈಗ ಕ್ರಮವಾಗಿ ವಿಚಾರಿಸೋಣ.

ಮಲಗದ ಗಡಿಯಾರ

ಗಣಕವನ್ನು ಆರಿಸಿದಾಗಲೂ ಅದರ ಒಳಗಿನ ಒಂದು ಪುಟ್ಟ ಗಡಿಯಾರ ನಡೆಯುತ್ತಲೇ ಇರುತ್ತದೆ. ಮೇಜಿನ ಮೇಲಿಡುವ ಗಣಕಗಳಲ್ಲಿ ಸಾಮಾನ್ಯವಾಗಿ ನಾಣ್ಯದಾಕಾರದ ೩ ವೋಲ್ಟಿನ ಲಿಥಿಯಂ ಬ್ಯಾಟರಿಯೊಂದು ಇದಕ್ಕೆ ವಿದ್ಯುತ್ತನ್ನು ಒದಗಿಸುತ್ತದೆ. ಇದರ ಹೃದಯವೆಂದರೆ ಒಂದು ಕ್ವಾರ್ಟ್ಸ್ ಹರಳು. ಅದು ಸೆಕೆಂಡಿಗೆ ೩೨,೭೬೮ ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ: ೨ನ್ನು ೧೫ ಬಾರಿ ತನ್ನಿಂದ ತಾನೇ ಗುಣಿಸಿದರೆ ಬರುವುದು ಇದೇ ಸಂಖ್ಯೆ. ಆದುದರಿಂದ ಕಂಪನಗಳನ್ನು ೧೫ ಸಲ ಅರ್ಧಿಸುತ್ತ ಹೋದರೆ ಕೊನೆಗೆ ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ ದೊರೆಯುತ್ತದೆ. ಐಬಿಎಂ ಕಂಪನಿಯು ೧೯೮೪ರಲ್ಲಿ ಹೊರತಂದ ಪಿಸಿ ಎಟಿ ಗಣಕದಲ್ಲಿ ಇಂತಹ ಬ್ಯಾಟರಿ ಗಡಿಯಾರವಿತ್ತು. ಅಂದಿನ ಪದ್ಧತಿಯೇ ಬಹುಮಟ್ಟಿಗೆ ಇಂದಿಗೂ ಉಳಿದುಬಂದಿದೆ.

ಈ ಗಡಿಯಾರವು ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡುಗಳನ್ನು ಬರೆದಿಟ್ಟುಕೊಳ್ಳುತ್ತದೆ. ಆದರೆ ಆ ಹೊತ್ತು ಯಾವ ಊರಿನದು, ಯಾವ ದೇಶದ್ದು ಎಂಬುದನ್ನು ಅದು ಬರೆದಿಡುವುದಿಲ್ಲ. ಎಲ್ಲ ತೊಡಕಿನ ಮೂಲವೂ ಇಲ್ಲಿದೆ.

ಒಂದು ಅಂಕಿ, ಎರಡು ಅರ್ಥ

ಭಾರತೀಯ ಪ್ರಮಾಣ ಕಾಲವು ಪೂರ್ವ ರೇಖಾಂಶ ೮೨ ಡಿಗ್ರಿ ೩೦ ನಿಮಿಷವನ್ನು ಆಧರಿಸಿದೆ. ಭೂಮಿಯು ೧೫ ಡಿಗ್ರಿ ತಿರುಗಲು ಒಂದು ಗಂಟೆ ಬೇಕು. ಎಂಬತ್ತೆರಡೂವರೆಯನ್ನು ೧೫ರಿಂದ ಭಾಗಿಸಿದರೆ ಐದೂವರೆ ಬರುತ್ತದೆ. ಎಂದರೆ ನಮ್ಮ ಗಡಿಯಾರಗಳು ಯುಟಿಸಿ ಎಂದು ಕರೆಯುವ ಸಾರ್ವತ್ರಿಕ ಕಾಲಕ್ಕಿಂತ ಐದೂವರೆ ಗಂಟೆ ಮುಂದೆ ಇವೆ. ಬೆಂಗಳೂರಿನಲ್ಲಿ ಬೆಳಿಗ್ಗೆ ೧೦ ಗಂಟೆಯಾದಾಗ ಸಾರ್ವತ್ರಿಕ ಕಾಲ ೪-೩೦.

ಲಿನಕ್ಸ್ ವ್ಯವಸ್ಥೆಯು ಯುನಿಕ್ಸಿನ ಸಂಪ್ರದಾಯಕ್ಕೆ ಸೇರಿದುದು. ಅದು ೧೯೭೦ರ ಜನವರಿ ೧ರ ಆರಂಭದಿಂದ, ಸಾರ್ವತ್ರಿಕ ಕಾಲದಲ್ಲಿ, ಕಳೆದ ಸೆಕೆಂಡುಗಳನ್ನು ಎಣಿಸುತ್ತದೆ; ತೆರೆಯ ಮೇಲೆ ತೋರಿಸುವಾಗ ಮಾತ್ರ ಐದೂವರೆ ಗಂಟೆಯನ್ನು ಕೂಡಿಸುತ್ತದೆ. ಒಳಗಿನ ಗಡಿಯಾರದಲ್ಲಿಯೂ ಅದು ವಾಡಿಕೆಯಾಗಿ ಸಾರ್ವತ್ರಿಕ ಕಾಲವನ್ನೇ ಇಡುತ್ತದೆ. ವಿಂಡೋಸಿನ ಹಿರಿಯನಾದ ಎಂಎಸ್-ಡಾಸ್ ೧೯೮೧ರಲ್ಲಿ ಬಂದಾಗ ಅದಕ್ಕೆ ಕಾಲವಲಯದ ಕಲ್ಪನೆಯೇ ಇರಲಿಲ್ಲ. ಬಳಸುವವನು ಗೋಡೆಯ ಗಡಿಯಾರವನ್ನು ನೋಡಿ ಹೊತ್ತನ್ನು ಒತ್ತುತ್ತಿದ್ದನು. ಯಂತ್ರವು ಅದನ್ನೇ ನಂಬುತ್ತಿತ್ತು. ಆ ರೂಢಿಗೆ ಅನುಗುಣವಾಗಿ ವಿಂಡೋಸ್ ಇಂದಿಗೂ ಒಳಗಡಿಯಾರದಲ್ಲಿ ಇರುವುದು ಸ್ಥಳೀಯ ಕಾಲವೆಂದೇ ತಿಳಿಯುತ್ತದೆ.

ಈಗ ಲೆಕ್ಕ ಹಾಕೋಣ. ಬೆಳಿಗ್ಗೆ ೧೦ಕ್ಕೆ ಲಿನಕ್ಸ್ ಒಳಗಡಿಯಾರದಲ್ಲಿ ೪-೩೦ ಎಂದು ಬರೆದಿಟ್ಟಿದೆ. ಕೂಡಲೆ ವಿಂಡೋಸನ್ನು ತೆರೆದರೆ ಅದು ೪-೩೦ನ್ನು ಓದಿ ‘ಬೆಳಗಿನ ಜಾವ ನಾಲ್ಕೂವರೆ’ ಎನ್ನುತ್ತದೆ. ನಾವು ಅದನ್ನು ೧೦ ಎಂದು ತಿದ್ದಿದರೆ ಒಳಗಡಿಯಾರದಲ್ಲಿಯೂ ೧೦ ದಾಖಲಾಗುತ್ತದೆ. ಮತ್ತೆ ಲಿನಕ್ಸ್ ಬಂದು ಈ ೧೦ನ್ನು ಸಾರ್ವತ್ರಿಕ ಕಾಲವೆಂದು ಭಾವಿಸಿ, ಐದೂವರೆಯನ್ನು ಕೂಡಿಸಿ, ‘ಮಧ್ಯಾಹ್ನ ಮೂರೂವರೆ’ ಎಂದು ತೋರಿಸುತ್ತದೆ. ಇಬ್ಬರ ಗಣಿತವೂ ಸರಿಯೇ. ತಪ್ಪಿರುವುದು ಅವರೊಳಗಿನ ಒಪ್ಪಂದ.

ನಮ್ಮ ನಾಡಿನ ಚರಿತ್ರೆಯಲ್ಲಿಯೂ ಇಂತಹ ತೊಡಕು ಇತ್ತು. ೧೯೦೬ರ ಜನವರಿ ೧ರಂದು ಭಾರತೀಯ ಪ್ರಮಾಣ ಕಾಲ ಜಾರಿಗೆ ಬರುವ ಮೊದಲು ಮದ್ರಾಸಿನ ಕಾಲ ಬೇರೆ, ಬೊಂಬಾಯಿಯ ಕಾಲ ಬೇರೆ ಆಗಿದ್ದವು. ಮದ್ರಾಸಿನ ಗಡಿಯಾರ ಹತ್ತು ಹೊಡೆದಾಗ ಬೊಂಬಾಯಿಯಲ್ಲಿ ಸುಮಾರು ಒಂಬತ್ತೂವರೆ. ಮದ್ರಾಸಿನ ಕಾಲದಲ್ಲಿ ಬರೆದ ವೇಳಾಪಟ್ಟಿಯನ್ನು ಬೊಂಬಾಯಿಯ ಗಡಿಯಾರ ಹಿಡಿದು ಓದಿದವನಿಗೆ ರೈಲು ತಪ್ಪದೆ ಇರುತ್ತಿರಲಿಲ್ಲ.

ಇದರಿಂದ ಆಗುವ ಹಾನಿ

ಗಡಿಯಾರ ತಪ್ಪಿದರೆ ಕೈಗಡಿಯಾರ ನೋಡಿಕೊಂಡರಾಯಿತು ಎಂದು ಕೆಲವರು ಉದಾಸೀನರಾಗಬಹುದು. ಆದರೆ ಗಣಕವು ಎಷ್ಟೋ ತೀರ್ಮಾನಗಳನ್ನು ಹೊತ್ತನ್ನು ನೋಡಿಯೇ ಮಾಡುತ್ತದೆ. ವಿದ್ಯಾರ್ಥಿಯೊಬ್ಬನು ೧೦ ಗಂಟೆಗೆ ಲಿನಕ್ಸಿನಲ್ಲಿ ಪ್ರಬಂಧವನ್ನು ಬರೆದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟನೆನ್ನೋಣ. ಬಳಿಕ ೧೧ ಗಂಟೆಗೆ ವಿಂಡೋಸಿನಲ್ಲಿ ಅದೇ ಪ್ರಬಂಧವನ್ನು ತಿದ್ದಿ ಬೆಳೆಸಿದನು. ಗಡಿಯಾರ ಹಿಂದೆ ಇದ್ದುದರಿಂದ ಹೊಸ ಕಡತದ ಮೇಲೆ ೫-೩೦ರ ಮುದ್ರೆ ಬಿತ್ತು. ಎರಡು ಪ್ರತಿಗಳಲ್ಲಿ ಹೊಸದನ್ನು ಮಾತ್ರ ಉಳಿಸುವ ತಂತ್ರಾಂಶವು ೧೦ ಗಂಟೆಯ ಪ್ರತಿಯೇ ಹೊಸದೆಂದು ಬಗೆದು, ತಿದ್ದಿದ ಪ್ರತಿಯನ್ನು ಅಳಿಸಿ ಅದರ ಜಾಗದಲ್ಲಿ ಹಳೆಯದನ್ನು ಇಡುತ್ತದೆ. ಒಂದು ಗಂಟೆಯ ದುಡಿಮೆ ಸದ್ದಿಲ್ಲದೆ ಹೋಗುತ್ತದೆ.

ಇನ್ನೊಂದು ಉದಾಹರಣೆ: ಖಾತೆಗಳ ರಕ್ಷಣೆಗೆ ಬಳಸುವ, ೩೦ ಸೆಕೆಂಡಿಗೊಮ್ಮೆ ಬದಲಾಗುವ ಗುಪ್ತಸಂಖ್ಯೆಯನ್ನು ಹೊತ್ತಿನಿಂದಲೇ ಲೆಕ್ಕ ಹಾಕುತ್ತಾರೆ. ಐದೂವರೆ ಗಂಟೆಯೆಂದರೆ ೧೯,೮೦೦ ಸೆಕೆಂಡು, ಅಂದರೆ ೬೬೦ ಹೆಜ್ಜೆಗಳ ವ್ಯತ್ಯಾಸ. ಅಂತಹ ಗಣಕ ಹೇಳುವ ಗುಪ್ತಸಂಖ್ಯೆಯನ್ನು ಯಾರೂ ಒಪ್ಪುವುದಿಲ್ಲ.

ಮೊದಲು ಪರೀಕ್ಷೆ, ಅನಂತರ ಚಿಕಿತ್ಸೆ

ವ್ಯತ್ಯಾಸವು ಎಷ್ಟೆಂಬುದೇ ಕಾರಣವನ್ನು ಸೂಚಿಸುತ್ತದೆ. ಅದು ದಿನಕ್ಕೆ ಒಂದೆರಡು ಸೆಕೆಂಡಿನಂತೆ ಬೆಳೆಯುತ್ತಿದ್ದರೆ ಹರಳಿನ ಸಹಜವಾದ ಅಲ್ಪದೋಷ. ಹತ್ತು ಲಕ್ಷದಲ್ಲಿ ೨೦ ಭಾಗದಷ್ಟು ತಪ್ಪಿದ್ದರೂ ದಿನಕ್ಕೆ ೧.೭ ಸೆಕೆಂಡು ಆಗುತ್ತದೆ. ಆರಿಸಿದಾಗಲೆಲ್ಲ ಗಡಿಯಾರವು ಯಾವುದೋ ಹಳೆಯ ವರ್ಷಕ್ಕೆ ಮರಳಿದರೆ ಬ್ಯಾಟರಿ ಸತ್ತಿದೆಯೆಂದು ತಿಳಿಯಬೇಕು. ಸರಿಯಾಗಿ ಐದೂವರೆ ಗಂಟೆಯಾಗಿದ್ದು, ವ್ಯವಸ್ಥೆಯನ್ನು ಬದಲಿಸಿದಾಗ ಮಾತ್ರ ಕಾಣಿಸಿಕೊಂಡರೆ, ಅದು ನಾವು ಹೇಳುತ್ತಿರುವ ತೊಡಕೇ ಸರಿ. ಈ ಪರೀಕ್ಷೆಯ ವೇಳೆಯಲ್ಲಿ ಅಂತರ್ಜಾಲದ ಸಂಪರ್ಕವನ್ನು ತೆಗೆದಿರಬೇಕು. ಇಲ್ಲದಿದ್ದರೆ ವ್ಯವಸ್ಥೆಯು ಜಾಲದಿಂದ ಸರಿಯಾದ ಹೊತ್ತನ್ನು ತರಿಸಿಕೊಂಡು ದೋಷವನ್ನು ಮರೆಮಾಡಬಹುದು.

ಎರಡು ದಾರಿಗಳು

ಮೊದಲನೆಯದು, ವಿಂಡೋಸಿಗೆ ಸಾರ್ವತ್ರಿಕ ಕಾಲವನ್ನು ಕಲಿಸುವುದು. ವಿಂಡೋಸಿನ ರಿಜಿಸ್ಟ್ರಿ ಎಂಬ ದಾಖಲೆಯ ಪ್ರತಿಯೊಂದನ್ನು ಮುಂಚೆಯೇ ತೆಗೆದಿಡಬೇಕು. ಅನಂತರ ಲೋಕಲ್ ಮೆಷಿನ್ ವಿಭಾಗದಲ್ಲಿ ಸಿಸ್ಟಂ, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಟೈಮ್ ಝೋನ್ ಇನ್ಫರ್ಮೇಷನ್ ಎಂಬ ಕ್ರಮದಲ್ಲಿ ಒಳಹೊಕ್ಕು, ಅಲ್ಲಿ ‘ರಿಯಲ್ ಟೈಮ್ ಈಸ್ ಯುನಿವರ್ಸಲ್’ ಎಂಬ ಹೆಸರನ್ನು, ಪದಗಳ ನಡುವೆ ತೆರಪಿಲ್ಲದೆ, ಡಿವರ್ಡ್ ಮಾದರಿಯಲ್ಲಿ ಸೃಷ್ಟಿಸಿ ೧ ಎಂಬ ಬೆಲೆಯನ್ನು ಕೊಡಬೇಕು. ಯಂತ್ರವನ್ನು ಆರಿಸಿ ಮತ್ತೆ ತೆರೆದು, ಹೊತ್ತನ್ನು ಒಮ್ಮೆ ಸರಿಪಡಿಸಬೇಕು. ಇನ್ನು ಮುಂದೆ ಗಣಕದ ಆರಂಭದ ಸಜ್ಜಿಕೆಯ ತೆರೆಯಲ್ಲಿ ಐದೂವರೆ ಗಂಟೆ ಕಡಿಮೆ ಹೊತ್ತು ಕಂಡರೆ ಗಾಬರಿಪಡಬೇಕಾಗಿಲ್ಲ. ಅದು ಸಾರ್ವತ್ರಿಕ ಕಾಲ.

ಎರಡನೆಯದು, ಲಿನಕ್ಸಿಗೆ ಸ್ಥಳೀಯ ಕಾಲವನ್ನು ಒಪ್ಪಿಸುವುದು. ಉಬುಂಟು, ಫೆಡೋರಾ ಮೊದಲಾದವುಗಳಲ್ಲಿ ಟೈಮ್‌ಡೇಟ್‌ಸಿಟಿಎಲ್ ಎಂಬ ಆಜ್ಞೆಗೆ ‘ಸೆಟ್-ಲೋಕಲ್-ಆರ್‌ಟಿಸಿ’ ಎಂಬ ಸೂಚನೆಯನ್ನೂ ೧ ಎಂಬ ಅಂಕಿಯನ್ನೂ ಸೇರಿಸಿ ಕೊಟ್ಟರೆ ಇದು ಆಗುತ್ತದೆ. ಅಂಕಿಯನ್ನು ೦ ಮಾಡಿದರೆ ಹಿಂದಿನ ಸ್ಥಿತಿ ಮರಳುತ್ತದೆ.

ಇವುಗಳಲ್ಲಿ ಯಾವುದು ಲೇಸು? ವರ್ಷವಿಡೀ ಒಂದೇ ಕಾಲವನ್ನು ಪಾಲಿಸುವ ಭಾರತದಲ್ಲಿ ಎರಡೂ ನಡೆಯುತ್ತವೆ. ಆದರೆ ಲಂಡನ್ನಿನಲ್ಲಿ ಓದುತ್ತಿರುವ ಕನ್ನಡ ವಿದ್ಯಾರ್ಥಿಯ ಸ್ಥಿತಿ ಬೇರೆ. ಅಲ್ಲಿ ಮಾರ್ಚಿಯ ಕೊನೆಯ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ, ಅಕ್ಟೋಬರಿನ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಒಳಗಡಿಯಾರ ಸ್ಥಳೀಯ ಕಾಲದಲ್ಲಿದ್ದರೆ ಈ ಬದಲಾವಣೆ ಆಗಿದೆಯೋ ಇಲ್ಲವೋ ಎಂಬುದು ಅಂಕಿಯಿಂದ ತಿಳಿಯದು. ಎರಡು ವ್ಯವಸ್ಥೆಗಳೂ ಒಂದೊಂದು ಸಲ ತಿರುಗಿಸಿದರೆ ಗಡಿಯಾರವು ಒಂದು ಗಂಟೆಗೆ ಬದಲಾಗಿ ಎರಡು ಗಂಟೆ ಸರಿದೀತು. ಸಾರ್ವತ್ರಿಕ ಕಾಲಕ್ಕೆ ಈ ಏರಿಳಿತವಿಲ್ಲ. ಆದುದರಿಂದ ಮೊದಲನೆಯ ದಾರಿಯೇ ಉತ್ತಮ.

ಎರಡನ್ನೂ ಒಟ್ಟಿಗೆ ಮಾತ್ರ ಮಾಡಬಾರದು. ಮಾಡಿದರೆ ಏನಾಗುವುದು? ಲಿನಕ್ಸ್ ೧೦ ಎಂದು ಬರೆದಿಡುತ್ತದೆ. ವಿಂಡೋಸ್ ಅದಕ್ಕೆ ಐದೂವರೆಯನ್ನು ಕೂಡಿಸುತ್ತದೆ. ಹಳೆಯ ಜಗಳವೇ ಪಕ್ಷ ಬದಲಿಸಿ ಹಿಂದಿರುಗುತ್ತದೆ.

ಇದರಿಂದ ನಾವು ಕಲಿಯುವ ಪಾಠವು ಗಣಕಕ್ಕೆ ಮಾತ್ರ ಸೀಮಿತವಲ್ಲ. ಪ್ರಯೋಗಶಾಲೆಯ ಪುಸ್ತಕದಲ್ಲಿ ಬರಿಯ ‘೧೦’ ಎಂದು ಬರೆದರೆ ಅದು ಸೆಂಟಿಮೀಟರೋ ಅಂಗುಲವೋ ತಿಳಿಯದು. ಅಂಕಿಯೊಡನೆ ಅದರ ಮಾನವನ್ನೂ, ಅದನ್ನು ಎಲ್ಲಿಂದ ಎಣಿಸಿದೆವೆಂಬುದನ್ನೂ ಹೇಳಿದಾಗಲೇ ಅದು ಅಳತೆಯೆನಿಸಿಕೊಳ್ಳುತ್ತದೆ.